ಸಭೆಯಲ್ಲಿ ಸುಮ್ಮನಿದ್ದವನ ಪಾಲು

ಸಭೆಯೊಂದು ತಪ್ಪು ನಿರ್ಣಯ ಕೈಗೊಂಡಾಗ, ಅಲ್ಲಿ ಬಾಯಿ ತೆರೆಯದೆ ಕುಳಿತಿದ್ದವನಿಗೆ ಅದರಲ್ಲಿ ಪಾಲಿಲ್ಲವೆ? ಬೆಂಗಳೂರು ಮಹಾನಗರ ಪಾಲಿಕೆಯನ್ನು ನೆನೆದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

2010ರಲ್ಲಿಯೂ 2015ರಲ್ಲಿಯೂ ಆ ಸಭೆಗೆ 198 ವಾರ್ಡುಗಳಿಂದ ಸದಸ್ಯರು ಆರಿಸಿ ಬಂದರು. ಪೀಠದಲ್ಲಿ ಮೇಯರು, ಅವರ ಅಧಿಕಾರಾವಧಿಯೋ ಆಗ ಒಂದೇ ವರ್ಷವಾಗಿತ್ತು. (ಕೆಲಸ ಕಲಿಯುವಷ್ಟರಲ್ಲಿ ಪೀಠ ಬಿಡಬೇಕಿತ್ತು!) ಕಾರ್ಯಸೂಚಿಯ ವಿಷಯಗಳು ಬಹುಮತದಿಂದ ತೀರ್ಮಾನವಾಗಬೇಕೆಂಬುದು ಕಾನೂನು. ಆದರೆ ಯಾರೂ ವಿರೋಧಿಸದ ವಿಷಯಕ್ಕೆ ಮತ ಎಣಿಸುವವರಾರು? ಅಲ್ಲಿ ಮೌನವೇ ಒಪ್ಪಿಗೆಯಾಗುತ್ತದೆ.

"ಅದು ನನ್ನ ವಾರ್ಡಿನ ವಿಷಯವಲ್ಲ" ಎಂದು ಸದಸ್ಯನು ಸಮಾಧಾನಪಟ್ಟುಕೊಳ್ಳಬಹುದು. ಬೆಂಗಳೂರಿನ ನೆಲ ಈ ಸಮಾಧಾನವನ್ನು ಒಪ್ಪುವುದಿಲ್ಲ. ದಿಣ್ಣೆಯ ಮೇಲಿನ ಊರದು. ಬಿದ್ದ ಮಳೆ ರಾಜಕಾಲುವೆಗಳಲ್ಲಿ ಹರಿದು ಮೇಲಿನ ಕೆರೆಯಿಂದ ಕೆಳಗಿನ ಕೆರೆಗೆ ಇಳಿಯಬೇಕು. ಕಾಲುವೆಗೆ ವಾರ್ಡಿನ ಗಡಿ ತಿಳಿಯದು. ಒಂದು ವಾರ್ಡಿನಲ್ಲಿ ಅದನ್ನು ಒತ್ತಿ ಕಟ್ಟಿದ ಗೋಡೆಗೆ, ಇನ್ನೊಂದು ವಾರ್ಡಿನ ಬಡವನ ಒಲೆ ನೀರಿನಲ್ಲಿ ಮುಳುಗುತ್ತದೆ. ಆದುದರಿಂದ ಅನ್ಯರ ವಾರ್ಡಿನ ಕುರಿತ ಮೌನವೂ ನಿರ್ದೋಷವೆಂದು ನನಗೆ ತೋರುವುದಿಲ್ಲ.

2020ರ ಸೆಪ್ಟೆಂಬರಿನಲ್ಲಿ ಆ ಸಭೆಯ ಅವಧಿ ಮುಗಿಯಿತು. ಚುನಾವಣೆ ನಡೆಯಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯನ್ನು ಐದಾಗಿ ವಿಂಗಡಿಸುವವರೆಗೂ ಸಭೆಯ ಅಧಿಕಾರವನ್ನು ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳೇ ನಡೆಸಿದರು. 2022ರ ಸೆಪ್ಟೆಂಬರಿನ ಮಳೆಗೆ ನಗರದ ಪೂರ್ವಭಾಗದ ಬಡಾವಣೆಗಳು ಮುಳುಗಿದಾಗ, ಎದ್ದು ನಿಂತು ಕೇಳಬೇಕಾದ ಸದಸ್ಯನೊಬ್ಬನೂ ಇರಲಿಲ್ಲ. ರಸ್ತೆಯ ಗುಂಡಿಗಳನ್ನು ದಿನವೂ ದೂರಿದ ನಾವು, ವಾಚಕರೆ, ಸಭೆಯೇ ಏಕಿಲ್ಲವೆಂದು ಎಷ್ಟು ಮಂದಿ ಕೇಳಿದೆವು?