ಸವೆದ ಹಲ್ಲು ಮತ್ತು ಅನರ್ಥದಂಡ

ದಿಗಂಬರ ಮುನಿಗಳ 28 ಮೂಲಗುಣಗಳಲ್ಲಿ ಅದಂತಧಾವನವೂ ಒಂದು. ದೇಹವನ್ನು ಸಿಂಗರಿಸುವ ಆಸೆಯನ್ನೇ ತೊರೆದವರಿಗೆ ಹಲ್ಲುಜ್ಜುವ ಹಂಗೂ ಇಲ್ಲ. ಶ್ರಾವಕನಿಗೆ ಈ ನಿಯಮವಿಲ್ಲ. ಅವನು ಸೂರ್ಯಾಸ್ತದೊಳಗೆ ಉಂಡು, ಹತ್ತು ಮಂದಿಯೊಡನೆ ಮಾತನಾಡಿ ಸಂಸಾರ ನಡೆಸಬೇಕಾದವನು. ಸವೆದ ಹಲ್ಲಿಗೆ ಕ್ರೌನನ್ನೋ ವೆನೀರನ್ನೋ ತೊಡಿಸಿಕೊಂಡವನನ್ನು ದೇಹಮೋಹಿ ಎಂದು ಜರೆಯುವುದು ಮುನಿಧರ್ಮದ ಅಳತೆಗೋಲಿನಿಂದ ಗೃಹಸ್ಥನನ್ನು ಅಳೆದಂತೆ. ವಿಚಾರಿಸಬೇಕಾದ ಪ್ರಶ್ನೆ ಬೇರೆಯೇ ಇದೆ.

ಹಲ್ಲಿನ ಹೊರಕವಚವಾದ ಎನಾಮೆಲ್ ಮಾನವದೇಹದ ಅತ್ಯಂತ ಗಟ್ಟಿಯಾದ ವಸ್ತು. ಆದರೆ ಅದನ್ನು ನಿರ್ಮಿಸುವ ಜೀವಕೋಶಗಳು ಹಲ್ಲು ಮೂಡುವ ವೇಳೆಗೆ ನಶಿಸಿರುತ್ತವೆ. ಮುರಿದ ಎಲುಬು ಕೂಡಿಕೊಳ್ಳುತ್ತದೆ. ಸವೆದ ಎನಾಮೆಲ್ ಮರಳಿ ಬೆಳೆಯದು. ನಿದ್ರೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ, ಜಠರದಿಂದ ಮೇಲೇರುವ ಆಮ್ಲ, ಹುಳಿ ಪಾನೀಯಗಳು, ಇಟ್ಟಿಗೆಪುಡಿಯ ಉಜ್ಜಾಟ, ಸದಾ ಅಡಿಕೆ ಜಗಿಯುವಿಕೆ ಇವೆಲ್ಲ ಅದನ್ನು ಸವೆಸುತ್ತವೆ. ಒಳಗಿನ ಮೆದುವಾದ ಡೆಂಟಿನ್ ಬಯಲಾದ ಮೇಲೆ ಸವೆತದ ವೇಗ ಹೆಚ್ಚುತ್ತದೆ. ತಣ್ಣೀರು ಜುಮ್ಮೆನ್ನಿಸುತ್ತದೆ, ಬಾಚಿಹಲ್ಲುಗಳು ಮೋಟಾಗುತ್ತವೆ. ಇಂಥವನಿಗೆ ಚಿಕಿತ್ಸೆ ಅಲಂಕಾರವಲ್ಲ, ಅಗತ್ಯ.

ತೊಡಕಿರುವುದು ಚಿಕಿತ್ಸೆಯ ವಿಧಾನದಲ್ಲಿ. ಕ್ರೌನನ್ನು ಕೂರಿಸಲು ಹಲ್ಲನ್ನು ಸುತ್ತಲೂ ಕೆತ್ತಬೇಕು. ಎಡೆಲ್‌ಹಾಫ್ ಮತ್ತು ಸೊರೆನ್‌ಸೆನ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮುಂದಿನ ಹಲ್ಲಿಗೆ ಪೂರ್ಣ ಕ್ರೌನ್ ತೊಡಿಸುವಾಗ ಅದರ ಮೇಲ್ಭಾಗದ ಶೇ. 63ರಿಂದ 72ರಷ್ಟು ವಸ್ತು ಹೋಗುತ್ತದೆ. ವೆನೀರ್ ಮೊದಲಾದ ಅಂಟಿಸುವ ವಿಧಾನಗಳಲ್ಲಿ ಶೇ. 3ರಿಂದ 30. ಸವೆದು ಉಳಿದುದನ್ನು ಕಾಪಾಡುವ ನೆಪದಲ್ಲಿ ಉಳಿದುದನ್ನೇ ಕೆತ್ತುವ ಸ್ಥಿತಿ ಇದು.

ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡವಿರತಿ ಎಂಬುದೊಂದಿದೆ. ನಿಷ್ಪ್ರಯೋಜಕವಾಗಿ ನೆಲವನ್ನು ಅಗೆಯುವುದು, ಗಿಡಬಳ್ಳಿಗಳನ್ನು ಕಡಿಯುವುದು ಮೊದಲಾದವನ್ನು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಪ್ರಮಾದಚರ್ಯೆ ಎಂದು ಕರೆಯುತ್ತದೆ. ಆ ವ್ರತ ಹಲ್ಲನ್ನು ಕುರಿತದ್ದಲ್ಲ, ನಿಜ. ಅನ್ಯಜೀವಿಗಳ ಹಿಂಸೆಯೇ ಅದರ ವಿಷಯ. ಆದರೂ ಪ್ರಯೋಜನವಿಲ್ಲದ ಕಡಿತವನ್ನು ತಡೆಯುವ ಆ ವಿವೇಕ ದಂತವೈದ್ಯನ ಕುರ್ಚಿಯ ಬಳಿಯೂ ಸಲ್ಲತಕ್ಕದ್ದೇ.

ಏಕೆಂದರೆ ಕಡಿಯದೆ ಸೇರಿಸುವ ಮಾರ್ಗವೂ ಉಂಟು. ಎನಾಮೆಲನ್ನು ಆಮ್ಲದಿಂದ ಒರಟಾಗಿಸಿದರೆ ರಾಳ ಗಟ್ಟಿಯಾಗಿ ಅಂಟುವುದೆಂದು ಬ್ಯೂನೊಕೋರ್ 1955ರಲ್ಲಿ ತೋರಿಸಿಕೊಟ್ಟರು. ನಾರ್ವೆಯ ಡಾಲ್ ಮತ್ತು ಸಂಗಡಿಗರು 1975ರಲ್ಲಿ ವಿವರಿಸಿದ ಉಪಾಯ ಇನ್ನೂ ಸೋಜಿಗದ್ದು. ಸವೆದ ಮುಂದಿನ ಹಲ್ಲುಗಳ ಹಿಂಬದಿಗೆ ಎತ್ತರಿಸಿದ ತಟ್ಟೆಯೊಂದನ್ನು ಕೂರಿಸಿದಾಗ ದವಡೆಹಲ್ಲುಗಳು ಒಂದಕ್ಕೊಂದು ತಾಗದಾಗುತ್ತವೆ; ತಿಂಗಳುಗಳು ಕಳೆದಂತೆ ಅವು ತಾವಾಗಿಯೇ ಬೆಳೆದು ಮತ್ತೆ ಕೂಡುತ್ತವೆ. ಮುಂದಿನ ಹಲ್ಲುಗಳನ್ನು ತುಂಬಿಸಲು ಬೇಕಾದ ಎಡೆ ಕೆತ್ತದೆಯೇ ದೊರೆಯುತ್ತದೆ! ಈಗ ಆ ತಟ್ಟೆಯ ಬದಲು ಕಾಂಪೋಸಿಟ್ ರಾಳವನ್ನೇ ನೇರವಾಗಿ ಹಚ್ಚುವುದುಂಟು. ರಾಳ ಪಿಂಗಾಣಿಯಷ್ಟು ಬಾಳದು. ಕಲೆ ಹಿಡಿಯುತ್ತದೆ, ಅಂಚು ಒಡೆಯುತ್ತದೆ. ಒಡೆದುದನ್ನು ಮತ್ತೆ ಹಚ್ಚಬಹುದು. ಕೆತ್ತಿದ ಎನಾಮೆಲನ್ನು ಯಾರೂ ಮರಳಿಸಲಾರರು. ಹಾಗೆಂದು ಕ್ರೌನ್ ತ್ಯಾಜ್ಯವಲ್ಲ. ರೂಟ್ ಕೆನಾಲ್ ಆಗಿ ಟೊಳ್ಳಾದ, ಬಿರುಕುಬಿಟ್ಟ ದವಡೆಹಲ್ಲಿಗೆ ಎಷ್ಟೋ ವೇಳೆ ಅದೇ ಆಸರೆ.

ಈ ಆಯ್ಕೆಯನ್ನು ರೋಗಿಯ ಮುಂದಿಡುವುದು ವೈದ್ಯನ ಕರ್ತವ್ಯ. ಕ್ರೌನ್ ತರುವಷ್ಟು ವರಮಾನವನ್ನು ರಾಳ ತಾರದು. ಪರೀಕ್ಷೆ ಅಲ್ಲಿಯೇ ಇದೆ. ಬ್ರಿಟನ್ನಿನ ದಂತವೈದ್ಯ ಮಾರ್ಟಿನ್ ಕೆಲ್ಲೆಹರ್ ತಮ್ಮ ವೃತ್ತಿಬಾಂಧವರಿಗೆ ‘ಮಗಳ ಪರೀಕ್ಷೆ’ ಎಂಬ ಒರೆಗಲ್ಲನ್ನು ಸೂಚಿಸಿದರು: ಇದೇ ಹಲ್ಲು ತನ್ನ ಮಗಳದಾಗಿದ್ದರೆ ವೈದ್ಯನು ಹೀಗೆ ಕೆತ್ತುತ್ತಿದ್ದನೇ? ಆತ್ಮೌಪಮ್ಯವನ್ನು ಬಲ್ಲವರಿಗೆ ಇದು ಹೊಸ ಮಾತೇನಲ್ಲ.

ರೋಗಿಯ ಪಾಲಿನ ಹೊಣೆಯೂ ಚಿಕ್ಕದಲ್ಲ. ಆಮ್ಲದ ಮೂಲಕ್ಕೆ ಮದ್ದಿಲ್ಲದೆ, ರಾತ್ರಿಯ ಕಡಿತಕ್ಕೆ ಗಾರ್ಡ್ ತೊಡದೆ ಪಿಂಗಾಣಿಯನ್ನಷ್ಟೇ ಹಾಕಿಸಿಕೊಂಡವನಲ್ಲಿ ಸವೆತ ನಿಲ್ಲುವುದಿಲ್ಲ. ನುಣುಪು ಕಳೆದುಕೊಂಡ ಪಿಂಗಾಣಿ ಎದುರುಸಾಲಿನ ಹಲ್ಲನ್ನು ಅರೆಯತೊಡಗುತ್ತದೆ.