ಬಿಡುವಿನ ದುಡಿಮೆ ಮತ್ತು ಕಾಯಕ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ರೂಪಿಸಿದ ಕಾಯಕ ತತ್ತ್ವದ ಪ್ರಕಾರ, ತನ್ನ ಮೈ ದಂಡಿಸಿ ಪ್ರಾಮಾಣಿಕವಾಗಿ ದುಡಿದು ಬದುಕುವುದೇ ಪೂಜೆಯಾಗುತ್ತದೆ, ಆ ದುಡಿಮೆಯ ಫಲವನ್ನು ಜಂಗಮಕ್ಕೂ ಸಮಾಜಕ್ಕೂ ವಿನಿಯೋಗಿಸುವುದು ದಾಸೋಹವೆನಿಸುತ್ತದೆ. ಮುರುಘಾಮಠದ ನೆಲೆಯಾದ ಚಿತ್ರದುರ್ಗದ ಸೀಮೆಯಲ್ಲಿ ಈ ಮಾತನ್ನು ಕೇಳದವರಿಲ್ಲ. ಕೇಳಿ ಕೇಳಿ ಅದರ ಮೊನಚು ಮೊಂಡಾಗಿದೆ ಎಂದರೂ ತಪ್ಪಾಗದು. ಆದರೆ ಹೊಲ, ಮಗ್ಗ, ಅಂಗಡಿಗಳ ಕೆಲಸಕ್ಕೆ ಸಲೀಸಾಗಿ ಅನ್ವಯವಾಗುವ ಈ ತತ್ತ್ವ, ಅಡುಗೆಗೂ ಮುಸುರೆಗೂ ನಡುವೆ ಸಿಕ್ಕ ಹೊತ್ತಿನಲ್ಲಿ ಹೆಂಗಸರು ಮನೆಯೊಳಗೆ ಕುಳಿತು ಮಾಡುವ ಕೈಕೆಲಸಕ್ಕೂ ಸಲ್ಲುತ್ತದೆಯೇ ಎಂಬ ಪ್ರಶ್ನೆ ಮಾತ್ರ ಸಾಮಾನ್ಯವಾಗಿ ಬದಿಗೆ ಸರಿಯುತ್ತದೆ.

ಈ ಪ್ರಶ್ನೆಯನ್ನು ಪರೀಕ್ಷಿಸಲು ಕ್ರೋಶಾ ಹೆಣಿಗೆ ತಕ್ಕ ಉದಾಹರಣೆ. ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿಯಿಂದ, ನೂಲಿನ ಒಂದು ಕುಣಿಕೆಯೊಳಗಿಂದ ಇನ್ನೊಂದನ್ನು ಎಳೆಯುತ್ತ ಬಟ್ಟೆ ಕಟ್ಟುವ ಈ ವಿದ್ಯೆ, ಸೀರೆಯ ಸೆರಗಿಗೆ ಕುಚ್ಚು ಹಾಕುವವರ ಮೂಲಕ ಕರ್ನಾಟಕದ ಸಣ್ಣ ಊರುಗಳಿಗೂ ಪರಿಚಿತವಾಗಿದೆ. ಇದೇ ಕೈಚಳಕದಿಂದ ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ, ಒಲೆಕಟ್ಟೆ ಒರೆಸುವ ಬಟ್ಟೆ, ಬಚ್ಚಲಲ್ಲಿ ಮೈ ಉಜ್ಜುವ ಬಟ್ಟೆಗಳನ್ನೂ ಹೆಣೆಯಬಹುದು. ಅವುಗಳಿಗೆ ಹತ್ತಿಯ ನೂಲೇ ಆಗಬೇಕು. ಅಕ್ರಿಲಿಕ್ ನೂಲು ಕಾದ ಪಾತ್ರೆಗೆ ತಗುಲಿದರೆ ಕರಗುತ್ತದೆ, ನೀರನ್ನೂ ಸರಿಯಾಗಿ ಹೀರುವುದಿಲ್ಲ, ಹತ್ತಿಯ ಎಳೆಯಾದರೋ ನೆನೆದಾಗ ಒಣಗಿದ್ದಾಗಿನದಕ್ಕಿಂತ ಗಟ್ಟಿಯಾಗಿರುತ್ತದೆ, ಕುದಿನೀರಿಗೂ ಜಗ್ಗುವುದಿಲ್ಲ. ಕ್ರೋಶಾದಲ್ಲಿ ಪ್ರತಿ ಹೆಣಿಗೆಯೂ ಮುಂದಿನದಕ್ಕೆ ಹೋಗುವ ಮೊದಲೇ ಮುಗಿದು ಬಿಗಿಯುವುದರಿಂದ ಕೊನೆಯ ಕುಣಿಕೆಯೊಂದೇ ತೆರೆದಿರುತ್ತದೆ, ಆ ಕುಣಿಕೆಯನ್ನು ಬಿಗಿದು, ಉಳಿದ ನೂಲಿನ ತುದಿಯನ್ನು ಸೂಜಿಯಿಂದ ಒಮ್ಮೆ ಅತ್ತ ಒಮ್ಮೆ ಇತ್ತ ಒಳಸೇರಿಸದೆ ಹಾಗೇ ಕತ್ತರಿಸಿಬಿಟ್ಟರೆ, ಎಷ್ಟೇ ಅಂದವಾಗಿ ಹೆಣೆದ ಬಟ್ಟೆಯಾದರೂ ನಾಲ್ಕು ಒಗೆತಕ್ಕೆ ಬಿಚ್ಚಿಕೊಳ್ಳತೊಡಗುತ್ತದೆ. ಕೊಳ್ಳುವವರ ಕಣ್ಣಿಗೆ ಈ ತುದಿ ಬೀಳುವುದಿಲ್ಲ. ಹೆಣೆದವಳ ಪ್ರಾಮಾಣಿಕತೆ ಅಡಗಿರುವುದು ಅಲ್ಲಿಯೇ.

ಈ ಹೆಣಿಗೆಯನ್ನು ಯಥಾವತ್ತಾಗಿ ಹೆಣೆಯುವ ಯಂತ್ರ ಮಾರುಕಟ್ಟೆಯಲ್ಲಿಲ್ಲ, ಆದ್ದರಿಂದ ನಿಜವಾದ ಕ್ರೋಶಾ ಬಟ್ಟೆ ಎಷ್ಟೇ ಅಗ್ಗವಾಗಿ ಸಿಕ್ಕರೂ ಅದರ ಹಿಂದೆ ಯಾರದೋ ಕೈಯ ಗಂಟೆಗಳು ಇದ್ದೇ ಇರುತ್ತವೆ. ಆಂಧ್ರದ ನರಸಾಪುರದಲ್ಲಿ 19ನೆಯ ಶತಮಾನದಲ್ಲಿ ಮಿಷನರಿಗಳ ಮೂಲಕ ಬೇರೂರಿದ ಕ್ರೋಶಾ ಲೇಸ್ ಕಸುಬನ್ನು ಕುರಿತು ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ಪ್ರಕಟಿಸಿದ ಅಧ್ಯಯನ ಈ ಗಂಟೆಗಳ ಗತಿಯನ್ನು ತೋರಿಸಿತು: ವಿದೇಶಗಳಿಗೆ ರಫ್ತಾಗುವ ಸರಕನ್ನು ಹೆಣೆಯುತ್ತಿದ್ದರೂ ಆ ಹೆಂಗಸರನ್ನು ಗೃಹಿಣಿಯರೆಂದೂ, ಅವರ ಕೆಲಸವನ್ನು ಹೊತ್ತುಗಳೆಯುವ ಚಟುವಟಿಕೆಯೆಂದೂ ಎಣಿಸಲಾಗುತ್ತಿತ್ತು, ಆ ಎಣಿಕೆಯೇ ಅವರ ಕೂಲಿಯನ್ನು ಅತ್ಯಲ್ಪಕ್ಕೆ ಇಳಿಸುವ ನೆಪವಾಗಿತ್ತು. ಬಿಡುವು ಎಂಬುದು ಅಲ್ಲಿ ಹೊತ್ತಿನ ಹೆಸರಾಗಿರಲಿಲ್ಲ, ಬೆಲೆ ಕಡಿಮೆ ಮಾಡುವ ಉಪಾಯವಾಗಿತ್ತು.

ಶರಣ ಪರಂಪರೆ ಇಂಥ ಕೆಲಸವನ್ನು ಹೊರಗಿಟ್ಟಿತ್ತೆಂದು ಹೇಳಲು ಆಧಾರವಿಲ್ಲ. ವಚನಕಾರ್ತಿ ಕದಿರ ರೆಮ್ಮವ್ವೆಯ ಕಾಯಕವೇ ನೂಲುವುದು, ಆಕೆಯ ಅಂಕಿತದಲ್ಲಿಯೇ ಕದಿರು, ಅಂದರೆ ನೂಲು ಸುತ್ತಿಕೊಳ್ಳುವ ಕಡ್ಡಿ, ಸೇರಿಹೋಗಿದೆ. ಹುಲ್ಲು ಕೊಯ್ದು ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನ ಕಥೆ ಇನ್ನಷ್ಟು ದೂರ ಹೋಗುತ್ತದೆ: ಇಷ್ಟಲಿಂಗ ಜಾರಿ ಬಿದ್ದರೂ ಕಾಯಕ ನಿಲ್ಲಿಸದ ಆತ, ಕೊನೆಗೆ ಹಗ್ಗ ಮಾರಲು ಲಿಂಗವನ್ನೇ ಕಳುಹಿಸಿದನೆಂದೂ, ಬಸವಣ್ಣ ಹಗ್ಗದ ಯೋಗ್ಯತೆ ಮೀರಿ ಹೊನ್ನು ಕೊಟ್ಟಾಗ ಅದನ್ನು ಒಪ್ಪಲಿಲ್ಲವೆಂದೂ ಕಥನ ಪರಂಪರೆ ಹೇಳುತ್ತದೆ. ವ್ಯಾಖ್ಯಾನಕಾರರು ಇದನ್ನು ನಿರಾಸೆಯ, ಎಂದರೆ ಹೆಚ್ಚಿನದಕ್ಕೆ ಕೈಚಾಚದ ಗುಣದ, ನಿದರ್ಶನವಾಗಿ ಓದುತ್ತಾರೆ. ಆ ಓದು ಸರಿಯೇ, ಆದರೆ ಅರ್ಧ. ವಸ್ತುವಿಗೆ ತಕ್ಕ ಬೆಲೆಯೊಂದು ಇದೆ ಎಂದು ಒಪ್ಪಿದವರಿಗೆ ಮಾತ್ರ ಹೆಚ್ಚಿನದನ್ನು ನಿರಾಕರಿಸಲು ಸಾಧ್ಯ. ಅದನ್ನು ಒಪ್ಪಿದ ಮೇಲೆ, ತಕ್ಕುದಕ್ಕಿಂತ ಕಡಿಮೆ ಕೊಡುವವನೂ ಕಾಯಕಕ್ಕೆ ಅಪಚಾರ ಮಾಡುತ್ತಾನೆಂದು ಒಪ್ಪಲೇಬೇಕಾಗುತ್ತದೆ.

ಹಿರಿಯೂರು ತಾಲ್ಲೂಕಿನ ಪೂರ್ವದಂಚಿನಲ್ಲಿ, ಆಂಧ್ರದ ಗಡಿಗೆ ಅಂಟಿಕೊಂಡಿರುವ ಧರ್ಮಪುರದಂಥ ಊರಿನಲ್ಲಿ ಈ ತರ್ಕ ಕೇವಲ ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ಮಳೆ ಕೈಕೊಟ್ಟ ವರ್ಷ ಹೊಲದಲ್ಲಿ ಕೂಲಿ ಸಿಗದಾಗ, ಮನೆಯಲ್ಲೇ ಕುಳಿತು ಮಾಡಬಹುದಾದ ಹೆಣಿಗೆ ಸಂಸಾರಕ್ಕೆ ಆಸರೆಯಾಗಬಲ್ಲದು, ಅದೂ ಹೆಣೆದವಳು ನೂಲಿನ ದರದ ಪಕ್ಕದಲ್ಲಿ ತನ್ನ ಗಂಟೆಗಳನ್ನೂ ಬರೆದಿಟ್ಟು ಬೆಲೆ ಹೇಳಿದಾಗ. ಮಾರದೆ ತನ್ನ ಅಡುಗೆಮನೆಗೇ ಇಟ್ಟುಕೊಂಡ ಮಸಿಬಟ್ಟೆಯ ವಿಷಯ ಬೇರೆ. ಅದಕ್ಕೆ ಬೆಲೆಯಿಲ್ಲ, ಗಿರಾಕಿಯಿಲ್ಲ, ಚಂದಯ್ಯನ ಅಳತೆಗೋಲು ಅಲ್ಲಿಗೆ ಮುಟ್ಟುವುದಿಲ್ಲ. ಅದನ್ನು ಕಾಯಕವೆನ್ನುವುದಾದರೆ, ದಿನವೂ ಅದರಿಂದ ಇಳಿಸುವ ಅನ್ನದ ಪಾತ್ರೆಯ ಹಿಂದಿನ ದುಡಿಮೆಯನ್ನೂ ಹಾಗೆಯೇ ಕರೆಯಬೇಕಾಗುತ್ತದೆ, ಮತ್ತು ಆ ದುಡಿಮೆಯನ್ನು ದಾಸೋಹವೆಂದು ಹೊಗಳಿ ಸುಮ್ಮನಾಗುವ ರೂಢಿಯನ್ನೂ ವಿಚಾರಣೆಗೆ ಒಡ್ಡಬೇಕಾಗುತ್ತದೆ.