ಹೆಸರಿಗೆ ಮಾತ್ರ

ಪ್ರೈವೇಟ್ ಲಿಮಿಟೆಡ್ ಕಂಪನಿಯೊಂದನ್ನು ನೋಂದಾಯಿಸಲು ನಮ್ಮ 2013ರ ಕಂಪನಿ ಕಾಯ್ದೆ ಕನಿಷ್ಠ ಇಬ್ಬರು ಸದಸ್ಯರನ್ನು ಕೇಳುತ್ತದೆ. ಕಸುಬು ಬಲ್ಲವನು ಒಬ್ಬನೇ ಆಗಿದ್ದರೆ ಎರಡನೆಯ ಸಹಿಗೆ ಹೆಂಡತಿಯನ್ನೋ ತಮ್ಮನನ್ನೋ ಹುಡುಕುತ್ತಾನೆ. ಈಚೆಗೆ ಗೆಳೆಯನೊಬ್ಬ ನನ್ನನ್ನು ಕೇಳಿದ: “ಒಂದು ಶೇರು, ಒಂದು ಸಹಿ. ಹೆಸರಿಗೆ ಮಾತ್ರ ಮಾರಾಯ.” ಉತ್ತರ ಕೊಡುವ ಮೊದಲು ಆ ಮಾತೇ ನನ್ನನ್ನು ತಡೆದಿದೆ. ಹೆಸರನ್ನು ಹೆಸರಿಗೆ ಮಾತ್ರ ಕೊಡಲು ಬರುತ್ತದೆಯೇ?

1892ರಲ್ಲಿ ಲಂಡನ್ನಿನ ಬೂಟು ತಯಾರಕ ಆರನ್ ಸಾಲೊಮನ್ ತನ್ನ ವ್ಯಾಪಾರವನ್ನು ಕಂಪನಿಯಾಗಿಸಿದ. ಅಂದಿನ ಕಾನೂನಿಗೆ ಏಳು ಮಂದಿ ಬೇಕಿತ್ತು. ಹೆಂಡತಿಗೂ ಐವರು ಮಕ್ಕಳಿಗೂ ಒಂದೊಂದು ಶೇರು ಕೊಟ್ಟು 20,001 ಶೇರುಗಳನ್ನು ತಾನಿಟ್ಟುಕೊಂಡ. ಕಂಪನಿ ಮುಳುಗಿತು, ಆಧಾರವಿಲ್ಲದೆ ಸಾಲ ಕೊಟ್ಟವರಿಗೆ ಏನೂ ಉಳಿಯಲಿಲ್ಲ. ನೋಂದಣಿಯಾದ ಮೇಲೆ ಕಂಪನಿಯೇ ಬೇರೆ, ಸಾಲೊಮನ್ನನೇ ಬೇರೆ. ಅದರ ಸಾಲಕ್ಕೆ ಅವನು ಹೊಣೆಯಲ್ಲ ಎಂದು 1896ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು.

ಈ ತೀರ್ಪನ್ನು ನಾನು ಅನ್ಯಾಯವೆನ್ನಲಾರೆ. ಮನೆಮಠ ಹೋದೀತೆಂಬ ಭಯವಿದ್ದರೆ ಇಲ್ಲದವರ ಮನೆಯ ಮಕ್ಕಳು ಉದ್ಯಮಕ್ಕೆ ಕೈಹಾಕುವುದೇ ಇಲ್ಲ. ಆದರೆ ಕಾನೂನು ಮಿತಿ ಹಾಕಿದ್ದು ಹಣದ ಹೊಣೆಗೆ. ನೋಂದಣಿಯ ದಿನ ಕಂಪನಿಗೆ 21 ಅಕ್ಷರ, ಅಂಕಿಗಳ ಗುರುತಿನ ಸಂಖ್ಯೆ ಸಿಗುತ್ತದೆ. ಉದ್ದರಿಗೆ ಸರಕು ಕೊಡುವವನು, ತಿಂಗಳ ಸಂಬಳ ನೆಚ್ಚಿ ದುಡಿಯುವವಳು ನಂಬುವುದು ಅದರ ಹಿಂದಿರುವ ಮನುಷ್ಯರನ್ನು.

ಹಾಗಾಗಿ ಸಹಿ ಹಾಕಿದವನು ಆಗಾಗ ಲೆಕ್ಕ ಕೇಳಬೇಕು. ತೀರಿಸಲಾಗದ ಸಾಲ ಎತ್ತುವಾಗ ‘ಬೇಡ’ ಎನ್ನಬೇಕು. ಅಷ್ಟೂ ಮಾಡದವನ ಹೆಸರು ಅರ್ಜಿಯ ಖಾನೆಯನ್ನು ತುಂಬುತ್ತದೆ, ನಂಬಿದವರಿಗೆ ಸುಳ್ಳು ಹೇಳುತ್ತದೆ.